ಶಾಂತಾ ಅಕ್ಕೋರ ‘ಶ’

ಕಳೆದ ಸೋಮವಾರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ, ಸತ್ತು ಹತ್ತೊಂಬತ್ತು ವರ್ಷವಾದ ಹೆಂಗಸೊಬ್ಬರು ನನ್ನ ಹಿಂದಿನ ಸೀಟಿನಿಂದ ‘ಕ್ಷಮಿಶಿ’ ಎಂದರು. ಬೆಳಗಿನ ಹನ್ನೊಂದು ಗಂಟೆ, ಕಿಟಕಿಯಾಚೆ ಧಾರಾಳ ಬಿಸಿಲು. ಇಂಥ ಹೊತ್ತಿನಲ್ಲಿ ದೆವ್ವಗಳಿಗೆ ರಜೆ ಎಂದು ನಾವು ನಂಬಿರುತ್ತೇವಲ್ಲ, ನಾನೂ ಹಾಗೇ ನಂಬಿ ತೂಕಡಿಸುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಅದೇ ದನಿ, ಅದೇ ನಡುಕ: ‘ಕ್ಷಮಿಶಿ.’

“ಸಾಕ್ರಿ, ಬಂದ್ ಮಾಡ್ರಿ ಅದನ್ನ. ಎಷ್ಟ್ ಸಲ ನೋಡ್ತೀರಿ?” ಎಂದು ಹಿಂದಿನ ಸೀಟಿನ ಹೆಂಗಸು ಗಂಡನಿಗೆ ಹೇಳಿದಳು.

“ಇರs, ಆ ‘ಶಿ’ ಅಂತಾನಲ್ಲಾ, ಅದನ್ನ ಕೇಳು. ಅಳಾಕತ್ತಾನೋ ನಗಸಾಕತ್ತಾನೋ ತಿಳಿಯಂಗಿಲ್ಲ.”

ಫೋನಿನಲ್ಲಿದ್ದದ್ದು ಮಾರ್ದನಿ ಮಲ್ಲೇಶಿಯ ಕ್ಷಮಾಪಣೆಯ ವಿಡಿಯೊ. ಮಲ್ಲೇಶಿಯನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಇಲ್ಲವಾದರೆ ಯಾವುದಾದರೂ ಮದುವೆಯ ಆರತಕ್ಷತೆಯಲ್ಲಿ. ಮಂತ್ರಿ, ಮುದುಕ, ಕುಡುಕ, ಕೂಸು, ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು. ಆದರೆ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ‘ಶಾಕವ್ವ ಟೀಚರ್’ ಎಂಬ ಪಾತ್ರ. ನೂಲಿನ ಸೀರೆ, ಕಂಕುಳಲ್ಲಿ ವ್ಯಾನಿಟಿ ಬ್ಯಾಗು, ‘ಸಾಕು’ ಎನ್ನಲು ಬಾರದೆ ‘ಶಾಕು ಶಾಕು’ ಎನ್ನುವ ಶಿಕ್ಷಕಿ. “ಕೋಟಾದಾಗ ಶೀಟು ಶಿಕ್ತು, ಶ ಮಾತ್ರ ಶಿಗಲಿಲ್ಲ” ಎಂದು ಆಕೆ ಹೇಳಿದಾಗ, ಸಿಗದೆ ಹೋದ ಆ ‘ಸ’ವನ್ನೂ ‘ಶ’ ಎಂದೇ ಹೇಳಿದಾಗ, ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ನೀವೂ ನಕ್ಕಿರಬಹುದು. ನಾನಂತೂ ನಕ್ಕಿದ್ದೇನೆ, ಮೊದಲ ಸಾಲಿನಲ್ಲಿ, ಪುಕ್ಕಟೆ ಪಾಸಿನಲ್ಲಿ ಕೂತು.

ಶಾಕವ್ವ ಕಲ್ಪನೆಯ ಹೆಂಗಸಲ್ಲ ಎಂಬುದು ಆಗ ಗೊತ್ತಿದ್ದದ್ದು ಮಲ್ಲೇಶಿಗೆ ಮತ್ತು ನನಗೆ ಮಾತ್ರ ಎಂದು ತಿಳಿದಿದ್ದೆ.

ಧಾರವಾಡದಲ್ಲಿ ನಾವಿಬ್ಬರೂ ಏಳನೆಯ ಇಯತ್ತೆಯಲ್ಲಿದ್ದಾಗ ನಮಗೆ ಕನ್ನಡ ಕಲಿಸಿದವರು ಶಾಂತಾ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಗರಗದ ಕಡೆಯ ಒಂದು ಹಳ್ಳಿಯ ಕೇರಿಯಿಂದ ಓದಿ ಬಂದವರು. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರಂತೆ. ಆದರೆ ಶಾಲೆಯ ಮಟ್ಟಿಗೆ ಅವರು ಕೇರಿಯವರಾಗಿಯೇ ಉಳಿದಿದ್ದರು. ಅವರ ಊರಿನಲ್ಲಿ ‘ಶ’ ಎಂಬ ಅಕ್ಷರವೇ ಬಳಕೆಯಲ್ಲಿರಲಿಲ್ಲ. ಮನೆಯಲ್ಲಿ ಅವರು ಸಾಂತವ್ವ. ಧಾರವಾಡಕ್ಕೆ ಬಂದ ಮೊದಲ ದಿನ, ತರಬೇತಿ ಕಾಲೇಜಿನಲ್ಲಿ ಹೆಸರು ಕೇಳಿದಾಗ “ಸಾಂತಾ” ಎಂದರಂತೆ. ಇಡೀ ವರ್ಗ ನಕ್ಕಿತಂತೆ. ತನ್ನ ಹೆಸರನ್ನೇ ತಪ್ಪಾಗಿ ಹೇಳುವ ಹುಡುಗಿ! ಅಂದಿನಿಂದ ಅವರು ಅಪಾಯವೇ ಬೇಡವೆಂದು ಎಲ್ಲ ಕಡೆಯೂ ‘ಶ’ ಹಾಕತೊಡಗಿದರು. ಶೂರ್ಯ ಪೂರ್ವದಲ್ಲಿ ಹುಟ್ಟುತ್ತಿದ್ದ. ನಾವು ಶುಮ್ಮನೆ ಕೂಡಬೇಕಾಗಿತ್ತು. ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ಏನಾದರೂ ಅಂದರೆ, ಅವರು ಅನ್ನುವುದಕ್ಕಿಂತ ಮೊದಲೇ, “ಕ್ಷಮಿಶಿ ಶರ್” ಎನ್ನುತ್ತಿದ್ದರು. ಆ ವರ್ಷ ಅವರ ಬಾಯಿಂದ ನಾವು ಅತಿ ಹೆಚ್ಚು ಸಲ ಕೇಳಿದ ಶಬ್ದ ಬಹುಶಃ ಅದೇ.

ಅವರನ್ನು ಮೊದಲು ಅಣಕಿಸಿದ್ದು ಯಾರು?

ನನ್ನ ನೆನಪಿನಲ್ಲಿ ಅದು ಹೀಗಿದೆ: ಹೊರಗೆ ಜೋರು ಮಳೆ. ಅಕ್ಕೋರು ಬರುವುದು ತಡವಾಗಿದೆ. ನಾನು ಬೆಂಚು ಹತ್ತಿ, ಟವೆಲನ್ನು ಸೆರಗಿನಂತೆ ಹೊದ್ದು, “ಶುಮ್ನ ಕೂಡ್ರಿ” ಎಂದೆ. ಎಲ್ಲರೂ ನಕ್ಕರು, ಆಮೇಲೆ ತಟ್ಟನೆ ಸುಮ್ಮನಾದರು. ಬಾಗಿಲಲ್ಲಿ ಅಕ್ಕೋರು ನಿಂತಿದ್ದರು.

ನಾನು ಗೋಕುಲ ರಸ್ತೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಶ, ಷ, ಸ ಅದಲುಬದಲಾದರೆ ಕೆಂಪು ಶಾಯಿ ಹಚ್ಚಿ ಅನ್ನ ತಿನ್ನುವವನು. ಮೇಲಿನದನ್ನು ಬರೆದು ಒಮ್ಮೆ ಓದಿದೆ, ಕೈ ತುರಿಸಿತು. ಬಾಗಿಲಲ್ಲಿ ನಿಂತ ಅಕ್ಕೋರು ಕತೆಗಳಲ್ಲಿ ಬರುವ ಅಕ್ಕೋರು. ಮಳೆಯನ್ನು ಸುರಿಸಿದವನು ನಾನೇ. ಶಾಲೆಗೆ ಟವೆಲ್ ಯಾರು ತರುತ್ತಾರೆ? ಎಲ್ಲವನ್ನೂ ಹೊಡೆದು ಹಾಕಿದರೆ ಉಳಿಯುವುದು “ಶುಮ್ನ ಕೂಡ್ರಿ” ಎಂಬ ಎರಡು ಮಾತು, ಮತ್ತು ಅವು ನನ್ನ ಗಂಟಲಿನಿಂದ ಹೊರಬಂದಾಗ, ಒಳಗೆ ಯಾರೋ ಕೂತು ಹೇಳಿದಂತೆ ಆದ ಬೆರಗು. ಅದು ಶಾಲೆಯಲ್ಲಿ ಆಗಿರಲಿಕ್ಕೂ ಇಲ್ಲ. ಮನೆಯಲ್ಲಿ, ಊಟಕ್ಕೆ ಕೂತಾಗ ಎಂದು ಕಾಣುತ್ತದೆ. ನಮ್ಮಪ್ಪ ಹತ್ತಿಯ ವ್ಯಾಪಾರಿ. ಲಿಂಗಪೂಜೆ ತಪ್ಪಿಸದವರು, ನಗುವುದು ಅಪರೂಪ. ಅವತ್ತು ನಕ್ಕರು. “ಇನ್ನೊಮ್ಮಿ ಅನ್ನಪಾ” ಎಂದರು. ಅಂದೆ. ಕಣ್ಣೊರೆಸಿಕೊಳ್ಳುತ್ತ, “ಅವರಿಗೇನು, ಬಂದರ ಬರ್ಲಿ, ಬಿಟ್ಟರ ಬಿಡ್ಲಿ, ಸರಕಾರ ನೌಕರಿ ತಗದ ಇಟ್ಟಿರತೈತಿ” ಎಂದರು. ರೊಟ್ಟಿ ಬಡಿಯುತ್ತಿದ್ದ ಅವ್ವನೂ ನಕ್ಕಳೇ? ಅಲ್ಲಿ ನೆನಪು ಖಾಲಿ. ಖಾಲಿ ಜಾಗದಲ್ಲಿ ನನಗೆ ಬೇಕಾದ ಅವ್ವನನ್ನು ಕೂರಿಸಲು ಹೆದರುತ್ತೇನೆ.

ಮರುದಿನ ಪಕ್ಕದ ಬೆಂಚಿನ ಮಲ್ಲೇಶಿಗೆ ತೋರಿಸಿದೆ. ಅವನು ನನಗಿಂತ ಚೆನ್ನಾಗಿ ಮಾಡಿದ. ಅಲ್ಲಿಗೆ ಆ ದನಿ ನನ್ನನ್ನು ಬಿಟ್ಟು ಅವನ ಗಂಟಲಿಗೆ ಹೋಗಿ ಬಿಡಾರ ಹೂಡಿತು. ಈ ಮಾತನ್ನು ಅವನ ಹೆಸರು ಜೋರಿದ್ದ ಕಾಲದಲ್ಲಿ ಒಮ್ಮೆ ಅವನಿಗೇ ಹೇಳಿದ್ದೆ. “ಹೋಗಲೇ ಹುಚ್ಚಾ, ನಿನಗೆಲ್ಲಿ ಬರತಿತ್ತು ಅದು? ಶಾಕವ್ವ ನನ್ನಾಕಿ” ಎಂದ. ಅಪರಾಧದಲ್ಲಿಯೂ ಕೃತಿಸ್ವಾಮ್ಯ!

ಎಷ್ಟೋ ವರ್ಷಗಳ ಮೇಲೆ ಮುದ್ರಣಾಲಯಕ್ಕೆ ಒಬ್ಬ ತರುಣಿ ಬಂದಳು, ತಾಯಿಯ ಪುಣ್ಯಸ್ಮರಣೆಯ ಕಾರ್ಡು ಮಾಡಿಸಲು. ಫೋಟೋ ನೋಡಿದ ಕೂಡಲೇ ಗುರುತು ಹತ್ತಿತು. ಕರಡಿನಲ್ಲಿ ‘ಸಾಂತವ್ವ’ ಎಂದಿದ್ದದ್ದನ್ನು ‘ಶಾಂತವ್ವ’ ಎಂದು ತಿದ್ದಿ ಕೊಟ್ಟೆ. ಆಕೆ ನನ್ನದೇ ಪೆನ್ನು ತೆಗೆದುಕೊಂಡು ಮತ್ತೆ ‘ಸಾ’ ಮಾಡಿದಳು. “ಇದು ಮನಿ ಹೆಸರ್ರೀ ಸರ. ತಿದ್ದಬ್ಯಾಡ್ರಿ.” ಆಕೆ ಸುಜಾತಾ, ಅಕ್ಕೋರ ಒಬ್ಬಳೇ ಮಗಳು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ, ಬೆಂಗೇರಿಯಲ್ಲಿ ಮನೆ. ಆಮೇಲೆ ಇಲಾಖೆಯ ಕೈಪಿಡಿಗಳ ಕರಡು ಹಿಡಿದು ವರ್ಷಕ್ಕೆರಡು ಸಲ ಬರುತ್ತಿದ್ದಳು, ಪರಿಚಯ ಬೆಳೆಯಿತು. ಆಕೆಯ ತಾಯಿಯ ವಿದ್ಯಾರ್ಥಿ ನಾನು ಎಂಬುದನ್ನು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ.

ಎರಡು ವರ್ಷದ ಹಿಂದೆ ಮಲ್ಲೇಶಿ ಜಾರಿ ಬಿದ್ದ. ಯಾವುದೋ ಸಮಾರಂಭದ ನಿರೂಪಣೆಗೆ ಹೋಗಿದ್ದ. ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದ ಎಳೆ ವಯಸ್ಸಿನ ಶಿಕ್ಷಕಿಯ ಊರು, ಅಡ್ಡಹೆಸರು ಓದಿ, ಶಾಕವ್ವನ ದನಿಯಲ್ಲಿ “ಯಾವ ಕೋಟಾದಾಗ ಬಂದಿಯವ್ವಾ?” ಎಂದ. ಆ ಹುಡುಗಿ ನಗಲಿಲ್ಲ. ಬಹುಮಾನವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಸಂಜೆಯೊಳಗೆ ಆ ತುಣುಕು ಊರೆಲ್ಲ ಸುತ್ತಿತು. ಕಾರ್ಯಕ್ರಮಗಳು ರದ್ದಾದವು. ನಾಲ್ಕನೆಯ ದಿನ ಕ್ಷಮಾಪಣೆಯ ವಿಡಿಯೊ ಬಂತು.

ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಾಗದ ಹಿಡಿದು ಓದುತ್ತಾನೆ: “ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ...” ಆ ‘ಆಗಿದ್ದರೆ’ಗೆ ಕೆಂಪು ಶಾಯಿ ಹಚ್ಚುವ ಆಸೆಯಾಗುತ್ತದೆ. ಆಮೇಲೆ ಕಾಗದ ಕೆಳಗಿಡುತ್ತಾನೆ, ಕೈ ಮುಗಿಯುತ್ತಾನೆ, ಕಣ್ಣು ತುಂಬುತ್ತವೆ, ಬಾಯಿ ತೆರೆಯುತ್ತಾನೆ: “ಕ್ಷಮಿಶಿ.” ಅಣಕದ ದನಿಯಲ್ಲ ಅದು. ಅಕ್ಕೋರದೇ. ಹೆಡ್‌ಮಾಸ್ತರರ ಎದುರಿನ ನಡುಕವೂ ಸೇರಿದಂತೆ. ಜನ ಗಮನಿಸದ ಒಂದು ಸಂಗತಿ ಅದರಲ್ಲಿದೆ. ಆ ಶಬ್ದ ಬಂದ ಮೇಲೆ ಮಲ್ಲೇಶಿ ಗಕ್ಕನೆ ಹಿಂದಕ್ಕೆ ತಿರುಗಿ ನೋಡುತ್ತಾನೆ. ಹಿಂದೆ ಬರೀ ಗೋಡೆ.

ಊರು ಎರಡಾಯಿತು. “ಕೈ ಮುಗದಾನ, ಬಿಡ್ರಿ ಇನ್ನs” ಎಂದರು ಕೆಲವರು. “ಕ್ಷಮಾ ಕೇಳೂದರಾಗೂ ಅದs ಚಾಷ್ಟಿ ಮಾಡ್ಯಾನ” ಎಂದರು ಕೆಲವರು. ನಮ್ಮ ಮುದ್ರಣಾಲಯದ ಎದುರಿನ ಚಹಾದಂಗಡಿಯವನ ತೀರ್ಪು ಇನ್ನೂ ಚುಟುಕು: “ಅವನ ಕಡೆ ಐಟಂ ಖಾಲಿ ಆಗಿದ್ದುವು ಕಾಕಾ. ಇದು ಹೊಸಾದು.” ಯಾರೋ ಹಳೆಯ ವಿದ್ಯಾರ್ಥಿಯೊಬ್ಬ ಶಾಕವ್ವ ಎಂದರೆ ಶಾಂತಾ ಅಕ್ಕೋರು ಎಂದು ಆ ವಿಡಿಯೊದ ಕೆಳಗೆ ಬರೆದ, ಅಕ್ಕೋರಿಗೆ ಮಗಳಿದ್ದಾಳೆಂದೂ ಬರೆದ. ಆಗ ಮಲ್ಲೇಶಿ ನನ್ನನ್ನು ಹುಡುಕಿಕೊಂಡು ಬಂದ.

ನಡುಹಗಲು. ಕರಡು ಕೋಣೆಯಲ್ಲಿ ನಾನೊಬ್ಬನೇ. ಗೋಕುಲ ರಸ್ತೆಯ ಸಭಾಂಗಣದಲ್ಲಿ ಒಂದು ಸಭೆ ಮಾಡುತ್ತಾನಂತೆ. ಸುಜಾತಾ ವೇದಿಕೆಗೆ ಬರಬೇಕು, ಎಲ್ಲರೆದುರು ‘ಕ್ಷಮಿಸಿದ್ದೇನೆ’ ಎನ್ನಬೇಕು. “ಆಕಿ ಒಂದ ಮಾತು ಅಂದ್ರ ಊರು ಸುಮ್ಮನಾಗತೈತಿ. ನೀ ಹೇಳಿದ್ರ ಕೇಳತಾಳಲೇ.”

“ವಿಡಿಯೋದಾಗ ಹಂಗ್ಯಾಕ ಅಂದಿ?” ಎಂದು ಕೇಳಿದೆ.

ಅವನು ಮೇಜಿನ ಮೇಲಿನ ಕರಡಿನ ಕಟ್ಟನ್ನು ಸರಿಮಾಡುತ್ತ ಕೂತ. “ನಾ ಅಂದಿಲ್ಲ. ಆಕಿ ಬಂದ್ಲು.”

“ಯಾರು?”

“ಮತ್ಯಾರು? ಮೊದಲ ನಾ ಕರದಾಗ ಬರತಿದ್ಲು. ಈಗ ಅಂಜಿಕಿ ಆದಾಗೆಲ್ಲಾ ತಾನs ಬರತಾಳ. ಡಾಕ್ಟರ್ ಬಿಪಿ ಹೆಚ್ಚಾಗೇತಿ ಅಂದ್ರು, ‘ಶರಿ ಶರ್’ ಅಂದೆ. ಅವರು ಮಾರಿ ನೋಡಿ ನಕ್ರು. ಗುಡಿಯಾಗ ಕಣ್ಣು ಮುಚ್ಚಿದ್ರ ಒಳಗ ಬೇಡಿಕೊಳ್ಳಾಕಿ ಆಕಿ, ನಾ ಅಲ್ಲ. ಖರೇ ಹೇಳತೇನಿ ದೋಸ್ತ, ದೇವರ ಮುಂದ ನಿಂತಾವರು ಯಾರಂತ ನನಗs ಗೊತ್ತಾಗವಲ್ದು.”

ನಗಬೇಕೆನಿಸಿತು. ನಗು ಬರಲಿಲ್ಲ.

ಬೆಂಗೇರಿಗೆ ಹೋದೆ. ಬುದ್ಧನ ಚಿತ್ರದ ಕೆಳಗೆ ಅಕ್ಕೋರ ಫೋಟೋ. ಸುಜಾತಾ ಚಹಾ ಕೊಟ್ಟು, ನಾನು ಹೇಳುವುದನ್ನೆಲ್ಲ ಕೇಳಿದಳು. ಆಮೇಲೆ ತಾನು ಹೇಳತೊಡಗಿದಳು.

“ಅವ್ವಗ ಗೊತ್ತಿತ್ತು ಸರ. ಬಸ್ ಸ್ಟ್ಯಾಂಡಿನ ಅಂಗಡ್ಯಾಗ ಶಾಕವ್ವನ ಕ್ಯಾಸೆಟ್ ಕೇಳಿದ್ಲು. ತನ್ನ ದನಿ ಅಂಗಡಿ ಒಳಗಿಂದ ಬರಾಕತ್ತೇತಿ, ಮಂದಿ ನಿಂತ ನಗಾಕತ್ತಾರ. ಮನಿಗೆ ಬಂದು ಏನೂ ಅನಲಿಲ್ಲ. ಮುಂದ ಮೂರು ವರ್ಷ ಸಾಲ್ಯಾಗ ಬೋರ್ಡಿನ ಮ್ಯಾಲೆ ಬರದ ಬರದ ಕಲಿಸಿದ್ಲು. ಬಾಯಿ ತಗೀಲಿಲ್ಲ. ಹುಡುಗೂರು ಆಕಿಗೆ ಮೂಕ ಅಕ್ಕೋರು ಅಂತಿದ್ರು.”

ಸುಜಾತಾ ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದಳು.

“ಇನ್ನೊಂದು ಹೇಳತೇನಿ, ನಗಬ್ಯಾಡ್ರಿ. ಅವ್ವನ ದನಿ ನಮ್ಮ ಕಡೆ ಇಲ್ಲ. ಒಂದು ಟೇಪ್ ಇತ್ತು, ನಮ್ಮ ಕಾಕಾ ಅದರ ಮ್ಯಾಲೆ ಹಾಡು ತುಂಬಿಸಿಬಿಟ್ಟ. ಅದಕ್ಕ ನಾ ಆ ಮಲ್ಲೇಶಿದು ಶಾಕವ್ವನ ಹಳೇ ವಿಡಿಯೋನs ಹಾಕ್ಕೊಂಡ ಕುಂದ್ರತೇನಿ. ಕಣ್ಣು ಮುಚ್ಚತೇನಿ. ಮಂದಿ ನಗೂದು ಬಿಟ್ಟು ಉಳದಿದ್ದು ಕೇಳತೇನಿ.”

ಓದುಗರೇ, ಇದಕ್ಕಿಂತ ಭಯ ಹುಟ್ಟಿಸುವ ಮಾತನ್ನು ನಾನು ಕೇಳಿಲ್ಲ. ಅವಮಾನ ಮಾಡಿದವನ ಗಂಟಲೇ ತಾಯಿಯ ದನಿಗೆ ಉಳಿದಿರುವ ಏಕೈಕ ಮನೆ. ಅವನನ್ನು ಕ್ಷಮಿಸದೆ ಬಾಗಿಲು ಹಾಕಿದರೆ ಒಳಗೆ ಆಕೆಯೂ ಸಿಕ್ಕಿಕೊಳ್ಳುತ್ತಾಳೆ.

“ಸಭಾ ಗಿಭಾ ಬ್ಯಾಡ,” ಎಂದಳು ಸುಜಾತಾ. “ಮನಿಗೆ ಬರ್ಲಿ. ಕ್ಯಾಮೆರಾ ತರಬಾರದು. ಅವ್ವನ ದನೀಲೆ ನನ್ನ ಒಮ್ಮೆ ಕರೀಲಿ. ಆಮ್ಯಾಲೆ ಕ್ಷಮಾದ ಮಾತು ನೋಡೋಣ.”

ಭಾನುವಾರ ಮೂರು ಗಂಟೆಗೆ ಇಬ್ಬರೂ ಹೋದೆವು. ಓಣಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಸುಜಾತಾ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ತಾನು ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತಳು. ಆಕೆಯ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

“ಕರೀರಿ” ಎಂದಳು.

ಮಲ್ಲೇಶಿ ಗಂಟಲು ಸರಿಮಾಡಿಕೊಂಡ. ಫೋಟೋದ ಕಡೆ ನೋಡಲಿಲ್ಲ. “ಶುಜಾತಾ,” ಎಂದ, “ಊಟಾ ಆತೇನ ಶುಜಾತಾ? ಶಾಕಷ್ಟ ಉಂಡಿಯಿಲ್ಲೋ?”

ಅಕ್ಕೋರು ಕೋಣೆಯಲ್ಲಿದ್ದರು. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಎದ್ದು ನಿಲ್ಲಬೇಕೆನಿಸಿತು, ವರ್ಗಕ್ಕೆ ಬಂದಾಗ ಎದ್ದು ನಿಲ್ಲುತ್ತಿದ್ದ ಹಾಗೆ. ಎದ್ದೆನೋ ಏನೋ, ಆಮೇಲೆ ನೋಡಿದರೆ ನಿಂತಿದ್ದೆ.

ಸೀರೆಯ ಅಂಚು ಅಲುಗಲಿಲ್ಲ. ಕುಕ್ಕರ್ ಇನ್ನೊಮ್ಮೆ ಕೂಗಿತು. ಸುಜಾತಾ ಹೊರಗೆ ಬಂದಾಗ ಮುಖದಲ್ಲಿ ಅಳುವಿನ ಗುರುತಿರಲಿಲ್ಲ.

“ಇದು ನಮ್ಮವ್ವ ಅಲ್ಲ” ಎಂದಳು.

“ಖರೇನ ಆಕೀದs ದನಿರೀ, ಬೇಕಾರ ಇನ್ನೊಮ್ಮಿ...” ಎಂದ ಮಲ್ಲೇಶಿ.

“ಬ್ಯಾಡ್ರಿ. ಮನ್ಯಾಗ ನಮ್ಮವ್ವ ‘ಶ’ ಅಂತಿದ್ದಿಲ್ಲ. ನಾ ಸುಜಾತಾ, ಆಕಿ ಸಾಂತವ್ವ, ಸಾಕಾದ್ರ ಸಾಕು. ನಮ್ಮ ಕೂಡ ಮಾತಾಡೂವಾಗ ಆಕಿಗೆ ಅಂಜಿಕಿ ಇದ್ದಿದ್ದಿಲ್ಲ. ನಿಮ್ಮ ಕಡೆ ಇರೂದು ಅವ್ವನ ದನಿ ಅಲ್ಲ, ಅವ್ವನ ಅಂಜಿಕಿ. ಅದನ್ನ ಹಾಕ್ಕೊಂಡು ನಾ ಇಷ್ಟ ವರ್ಷ ಕುಂತಿದ್ದೆ ನೋಡ್ರಿ, ಎಂಥಾ ಹುಚ್ಚಿ.”

ಮಲ್ಲೇಶಿ ಕೈ ಮುಗಿದ. ಬಾಯಿ ತೆರೆದ. “ಕ್ಷಮಿಶಿ” ಎಂದೇ ಬಂತು. ತನ್ನ ಬಾಯನ್ನು ತಾನೇ ಮುಚ್ಚಿಕೊಂಡ.

“ನಿಮ್ಮ ದನೀಲೆ ಕೇಳ್ರಿ” ಎಂದಳು ಸುಜಾತಾ. ಸಿಟ್ಟಿನಿಂದಲ್ಲ, ಮಣ್ಣಿನ ಮಾದರಿಯನ್ನು ಹೀಗೆ ತರಬಾರದು, ಹೀಗೆ ತರಬೇಕು ಎಂದು ರೈತರಿಗೆ ಹೇಳುವ ಹಾಗೆ. “ಅಂಜಿಸಿದಾವರು ನೀವು. ಅಂಜಿದಾಕಿ ದನೀಲೆ ಕ್ಷಮಾ ಕೇಳಿದ್ರ, ಆಕಿನs ಮತ್ತ ಕೇಳಿದಂಗ ಆತಲ್ರಿ.”

ಅವನು ಪ್ರಯತ್ನಿಸಿದ. ಮೊದಲು ಮಂತ್ರಿಯೊಬ್ಬ ಬಂದ, ಭಾಷಣದ ಗತ್ತಿನಲ್ಲಿ. ಆಮೇಲೆ ಒಬ್ಬ ಮುದುಕ. ಆಮೇಲೆ ಟೀವಿಯ ನಿರೂಪಕ. ಒಬ್ಬೊಬ್ಬರೂ ಅರ್ಧ ಶಬ್ದ ಹೇಳಿ ಒಳಗೆ ಹೋದರು, ಬಾಗಿಲು ತಪ್ಪಿ ಬಂದವರಂತೆ. ಕೊನೆಗೆ ತುಟಿ ಅಲ್ಲಾಡುತ್ತಿತ್ತು, ಗಾಳಿ ಮಾತ್ರ ಬರುತ್ತಿತ್ತು. ಬೆವರುತ್ತ ನನ್ನ ಕಡೆ ನೋಡಿದ. ಆ ಕಣ್ಣುಗಳನ್ನು ನಾನು ಯಾವ ವೇದಿಕೆಯ ಮೇಲೂ ನೋಡಿರಲಿಲ್ಲ.

ಆಗ ನಾನು ಬಾಯಿ ಬಿಟ್ಟೆ. ಅವನ ಮೇಲಿನ ಕನಿಕರಕ್ಕೋ, ನನಗೂ ಒಂದು ಪಾಲಿರಲಿ ಎಂಬ ಹಂಬಲಕ್ಕೋ, ಇವತ್ತಿಗೂ ತಿಳಿಯದು. “ಮೊದಲು ಚಾಷ್ಟಿ ಮಾಡಿದಾಂವ ನಾನ್ರೀ. ಇವಗ ಕಲಿಸಿದಾಂವನೂ ನಾನs. ನನ್ನೂ...”

ಸುಜಾತಾ ನನ್ನ ಕಡೆ ತಿರುಗಿ ನೋಡಿದಳು. ಕಾರ್ಡಿನ ಕರಡು ನೋಡಿದ್ದ ಹಾಗೆ.

“ಪಾಳಿ ಹಚ್ಚರಿ ಸರ,” ಎಂದಳು. “ಇವರ ಹಿಂದ ನಿಂದರ್ರಿ.”

ಅಂದಿನಿಂದ ಮಲ್ಲೇಶಿ ವೇದಿಕೆ ಹತ್ತಲಿಲ್ಲ. ಗಂಟಲಿಗೆ ರೋಗ ಎಂದರು, ನಾಟಕ ಎಂದರು, ಮರೆತೂ ಬಿಟ್ಟರು. ಆ ವಿಡಿಯೊ ಮಾತ್ರ ಬಸ್ಸುಗಳಲ್ಲಿ ಓಡಾಡಿಕೊಂಡಿತ್ತು. ಸಾರ್ವಜನಿಕವಾಗಿ ಕೇಳಿದ ಕ್ಷಮೆಗೆ ಬೆಲೆ ಇದೆಯೇ ಎಂದು ಯಾರಾದರೂ ಚರ್ಚೆಗೆ ಕೂತರೆ ನಾನು ಎದ್ದು ಹೋಗುತ್ತೇನೆ. ಅದನ್ನು ಕೇಳುತ್ತಿರುವವರು ಯಾರು ಎಂಬುದೇ ಇತ್ಯರ್ಥವಾಗದಿರುವಾಗ ಕೊಡುವುದು ಯಾರಿಗೆ?

ನಿನ್ನೆ ಬೆಳಿಗ್ಗೆ ಹೊಸ ನಂಬರಿನಿಂದ ಫೋನು ಬಂತು. ಗಂಡಸಿನ ದನಿ, ತೆಳು, ನಡುವೆ ಒಡೆಯುವಂಥದು, ಚೆಂದವೇನಲ್ಲ.

“ಯಾರ್ರೀ?” ಎಂದೆ.

“ನಾನಲೇ. ಮಲ್ಲೇಶಿ.”

ನಂಬಲಿಲ್ಲ. ಇಷ್ಟು ವರ್ಷದ ಗೆಳೆತನದಲ್ಲಿ ಈ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. “ಹಂಗಾರ ಮಂತ್ರೀದು ಒಂದ್ ಮಾತು ಮಾಡಿ ತೋರ್ಸು” ಎಂದೆ. ಎಂಥ ಸಾಕ್ಷಿ ಕೇಳಿದೆ ನೋಡಿ!

“ಬರವಲ್ದು,” ಎಂದಿತು ಅದು. “ಯಾರೂ ಬರವಲ್ರು. ಆಕೀನೂ.” ಆಮೇಲೆ, “ಸುಜಾತಾ ಅವರನ್ನ ಕೇಳು, ಬರ್ಲೇನಂತ.”

‘ಸು’ ಸರಿಯಾಗಿತ್ತು. ಕೇಳಿದೆ. ಸುಜಾತಾ ನಗಲಿಲ್ಲ, ಬೈಯಲೂ ಇಲ್ಲ. “ನಾಳೆ ನಾಕು ಗಂಟೇಕ ಬರ್ಲಿ. ಕೇಳತೇನಿ. ಕೊಡತೇನಿ ಅಂತ ಹೇಳವಲ್ಲೆ, ಕೇಳತೇನಿ ಅಷ್ಟ. ನೀವೂ ಬರ್ರಿ. ನಿಮ್ಮದೂ ಬಾಕಿ ಐತಿ. ನಿಮ್ಮದೂ ನಿಮ್ಮ ದನೀಲೆ ಇರ್ಲಿ ಮತ್ತ.”

ನನ್ನ ದನಿಗೇನು ಕಷ್ಟ, ನಾನೇನು ಕಲಾವಿದನೇ, ಎಂದುಕೊಂಡೆ. ಬೆಳಿಗ್ಗೆಯಿಂದ ಮನೆಯ ಈ ಕೋಣೆಯ ಬಾಗಿಲು ಹಾಕಿಕೊಂಡು ಕ್ಷಮೆಯ ಮಾತನ್ನು ಹೇಳಿ ನೋಡುತ್ತಿದ್ದೇನೆ. ಮೊದಲ ಸಲ ಪುಸ್ತಕ ಓದಿದಂತಾಯಿತು. ಎರಡನೆಯ ಸಲ ಅಪ್ಪ ವ್ಯಾಪಾರಕ್ಕೆ ಕೂತಂತಾಯಿತು. ಹತ್ತೋ ಹನ್ನೆರಡೋ ಸಲ ತಿದ್ದಿದೆ. ಈಗ, ಇದೇ ಈಗ, ಏನನ್ನೂ ತಿದ್ದದೆ ಒಮ್ಮೆ ಹೇಳಿದೆ. ಚಿಕ್ಕದಾಗಿ, ಒರಟಾಗಿ, ಕಡೆಯ ಅಕ್ಷರ ನುಂಗಿಕೊಂಡು ಬಂತು.

ಒಳಗಿನಿಂದ ಹೆಂಡತಿ ಕೂಗಿ ಕೇಳಿದಳು:

“ಯಾರ ಬಂದಾರ್ರಿ?”